ಎರಡು ಹೆಸರು, ಒಂದೇ ತಲೆ

ಮನೆಯಲ್ಲಿ ನಾನು ಪುಟ್ಟ. ಶಾಲೆಯ ಹಾಜರಿ ಪುಸ್ತಕದಲ್ಲಿ ದೇವರ ಹೆಸರಿನವನು. ರಜೆಯಲ್ಲಿ ಅಜ್ಜಿ ಹರಕೆಗೆಂದು ಪುಟ್ಟನ ತಲೆ ಬೋಳಿಸಿದರೆ, ಶಾಲೆ ಶುರುವಾದಾಗ ಆ ದೇವರ ಹೆಸರಿನವನ ತಲೆಯೂ ಬೋಳೇ. ಇಷ್ಟು ಬಲ್ಲ ನಾನು ಐವತ್ತೆಂಟರಲ್ಲಿ ಪೈಥಾನ್ ಕಲಿಯಲು ಹೋಗಿ ಅದನ್ನೇ ಮರೆತೆ.

ಮನೆಪಾಠದ ಮಕ್ಕಳ ಅಂಕಗಳನ್ನು ಒಂದು ಪಟ್ಟಿಯಲ್ಲಿ ತುಂಬಿದ್ದೆ. ಒಬ್ಬೊಬ್ಬರಿಗೂ ಒಳಗೊಂದು ಚಿಕ್ಕ ಪಟ್ಟಿ. ಒಂದು ಪ್ರಶ್ನೆಯೇ ತಪ್ಪಾಗಿತ್ತು (ತಪ್ಪು ನನ್ನದೇ). ಎಲ್ಲರಿಗೂ 5 ಅಂಕ ಕೊಡೋಣವೆಂದು ‘ಹೊಸದು = ಹಳೆಯದು’ ಎಂದು ಬರೆದು, ಹೊಸದರಲ್ಲಿ ಕೂಡಿಸಿ, 50 ದಾಟಿದವರನ್ನು 50ಕ್ಕೇ ನಿಲ್ಲಿಸಿ, ಎರಡನ್ನೂ ಕಡತದಲ್ಲಿ ಉಳಿಸಿದೆ. ತೆರೆದು ನೋಡಿದರೆ ಹಳೆಯದರಲ್ಲೂ 5 ಸೇರಿದೆ! ಆ ಸಮಚಿಹ್ನೆ ನಕಲು ಮಾಡಿರಲಿಲ್ಲ. ಅದೇ ಪಟ್ಟಿಗೆ ಇನ್ನೊಂದು ಹೆಸರಿಟ್ಟಿತ್ತು. ಬಿಡಿ ಸಂಖ್ಯೆಗಳಲ್ಲಿ ಈ ಪೇಚು ಕಾಣುವುದಿಲ್ಲ. ಸಂಖ್ಯೆಯನ್ನು ಒಳಹೊಕ್ಕು ತಿದ್ದಲು ಬರುವುದಿಲ್ಲವಲ್ಲ.

ಜಾಣನಂತೆ ‘ಕಾಪಿ’ ಎಂಬ ಆಜ್ಞೆ ಕೊಟ್ಟು ಮತ್ತೆ ಓಡಿಸಿದೆ. ಮತ್ತೂ 5! ಹೊರಗಿನ ಪಟ್ಟಿ ಮಾತ್ರ ಎರಡಾಗಿತ್ತು, ಒಳಗಿನ ಚಿಕ್ಕ ಪಟ್ಟಿಗಳು ಅವವೇ. ಮನೆ ಪಾಲಾಗಿಯೂ ಬಾವಿ ಒಂದೇ ಉಳಿದ ಹಾಗೆ. ‘ಡೀಪ್‌ಕಾಪಿ’ ಎಂದಾಗಲೇ ಬಾವಿಯೂ ಎರಡಾದದ್ದು.

ಆದರೆ ಅಂಕ? ಎಲ್ಲರಿಂದ 10 ಕಳೆದರಾಯಿತು ಎಂದುಕೊಂಡೆ. ಆಗುವಂತಿರಲಿಲ್ಲ. 41 ಬಂದವನೂ 47 ಬಂದವಳೂ ಈಗ 50ರಲ್ಲೇ ನಿಂತಿದ್ದರು. ಯಾರು ಎಲ್ಲಿಂದ ಬಂದರೆಂದು ಕಡತಕ್ಕೆ ನೆನಪಿಲ್ಲ. ಸದ್ಯ, ಉತ್ತರಪತ್ರಿಕೆಗಳ ಕಟ್ಟು ಅಟ್ಟದ ಮೇಲಿತ್ತು. ರಾತ್ರಿ ಹನ್ನೊಂದರವರೆಗೆ ಕೂತು ಕೆಂಪು ಶಾಯಿಯ ಅಂಕಗಳನ್ನು ಒಂದೊಂದಾಗಿ ಮತ್ತೆ ಕೂಡಿದೆ.