ಬಾದನಹಟ್ಟಿಯ ಹಾದಿಯಲ್ಲಿ

ಬಳ್ಳಾರಿ ಜಿಲ್ಲೆಯ ಕುರುಗೋಡು ತಾಲ್ಲೂಕಿಗೆ ಸೇರಿದ ಬಾದನಹಟ್ಟಿಗೆ ನಾವು ಹೋದದ್ದು ಕ್ಷೇತ್ರದರ್ಶನಕ್ಕಾಗಿ ಅಲ್ಲ. ಮಠದ ಪ್ರಸಾದನಿಲಯದಲ್ಲಿ ನಮ್ಮೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡು, ಒಂದೇ ಕಂದೀಲಿನ ಬೆಳಕಿನಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದ ಗೆಳೆಯರೊಬ್ಬರು ಅಲ್ಲಿ ಒಕ್ಕಲುತನ ಮಾಡಿಕೊಂಡಿದ್ದಾರೆ. ಅವರಿಗೆ ಮೈಯಲ್ಲಿ ಸ್ವಸ್ಥವಿಲ್ಲವೆಂದು ತಿಳಿದು, ಮಾಘಮಾಸದ ಒಂದು ಬೆಳಿಗ್ಗೆ ಬಳ್ಳಾರಿಯಿಂದ ಬಸ್ಸು ಹಿಡಿದೆವು.

ಈ ಸೀಮೆಯನ್ನು ನೋಡದ ಓದುಗ ಬಂಧುಗಳಿಗೆ ಎರಡು ಮಾತು ಹೇಳಬೇಕು. ಬಳ್ಳಾರಿಯ ಕೋಟೆ ಗುಡ್ಡ ಬೆನ್ನ ಹಿಂದೆ ಸರಿಯುತ್ತಿದ್ದಂತೆ ಎರೆಭೂಮಿ ತೆರೆದುಕೊಳ್ಳುತ್ತದೆ. ಒಂದು ಕಾಲಕ್ಕೆ ಮಳೆಯನ್ನೇ ನಂಬಿ ಜೋಳ, ಹತ್ತಿ ಬೆಳೆಯುತ್ತಿದ್ದ ನೆಲವಿದು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದು ಕಾಲುವೆಗಳು ಹರಿದ ಮೇಲೆ ಕುರುಗೋಡು, ಸಿರುಗುಪ್ಪ ಕಡೆಯ ಹೊಲಗಳ ಮುಖವೇ ಬದಲಾಯಿತು. ಭತ್ತದ ಗದ್ದೆ, ಅಕ್ಕಿ ಗಿರಣಿ, ವಲಸೆ ಬಂದ ರೈತರ ಕ್ಯಾಂಪುಗಳು, ಮೆಣಸಿನಕಾಯಿಯ ಕಣಗಳು ಇವೆಲ್ಲ ನೀರಿನ ಹಿಂದೆಯೇ ಬಂದವು. ನಾವು ಹೋದಾಗ ಹೊಲಗಳಲ್ಲಿ ಕೆಂಪು ಮೆಣಸಿನಕಾಯಿಯ ರಾಶಿಗಳು ಹಾಸಿಕೊಂಡಿದ್ದವು; ಬಸ್ಸಿನ ಕಿಟಕಿಯೊಳಗಿಂದಲೇ ಅದರ ಘಾಟು ಮೂಗಿಗೆ ಅಡರುತ್ತಿತ್ತು. ಕುರುಗೋಡು ಸಮೀಪಿಸಿದಂತೆ ಬಂಡೆಗಳ ಗುಡ್ಡ ಕಣ್ಣಿಗೆ ಬೀಳುತ್ತದೆ. ಸಿಂದ ಮನೆತನದ ಅರಸರು ಆಳಿದ ಊರು. ಆಳೆತ್ತರವನ್ನು ಮೀರಿದ ಏಕಶಿಲೆಯ ದೊಡ್ಡಬಸವೇಶ್ವರನ ಊರು. ಬಸ್ಸಿನಿಂದಲೇ ಕೈಮುಗಿದು ಇಳಿದೆವು.

ಬಾದನಹಟ್ಟಿಯ ಬಸ್ಸು ಆಗಲೇ ಹೊರಟುಹೋಗಿತ್ತು. ಗೆಳೆಯರು ಮೊಮ್ಮಗನನ್ನು ಕಳುಹಿಸಿದ್ದರು. ಹತ್ತನೆಯ ತರಗತಿಯಲ್ಲಿ ಓದುವ, ಇನ್ನೂ ಮೀಸೆ ಮೂಡದ ಹುಡುಗ. ಪಾದಕ್ಕೆ ನಮಸ್ಕರಿಸಿ, ಕೈಚೀಲವನ್ನು ವಾಹನದ ಮುಂದಕ್ಕೆ ಸಿಕ್ಕಿಸಿ, "ಗಟ್ಟಿಯಾಗಿ ಹಿಡ್ಕೊಂಡು ಕುಂದ್ರಿ ತಾತ" ಎಂದ. ನಾವು ಕುಳಿತೆವು. ಕುಳಿತೆವು ಎಂಬುದನ್ನು ಇಲ್ಲಿ ಒತ್ತಿ ಹೇಳುತ್ತಿದ್ದೇವೆ. ಏಕೆಂದರೆ ಯಾರೂ ನಮ್ಮನ್ನು ಎತ್ತಿ ಕೂರಿಸಲಿಲ್ಲ.

ಆ ಮೋಟಾರು ಸೈಕಲ್ಲಿನ ಸ್ಥಿತಿಯನ್ನು ಆಮೇಲೆ ನಿಧಾನವಾಗಿ ನೋಡಿದೆವು. ನಡೆಸುವವನಿಗೆ ಪರವಾನಗಿ ಇಲ್ಲ, ಇರಲು ವಯಸ್ಸೂ ಇಲ್ಲ. ಇಬ್ಬರ ತಲೆಯ ಮೇಲೂ ಹೆಲ್ಮೆಟ್ ಇಲ್ಲ. ಎರಡೂ ಕನ್ನಡಿಗಳನ್ನು ಚೆಂದಕ್ಕೆಂದು ಬಿಚ್ಚಿಟ್ಟಿದ್ದಾರೆ. ವಿಮೆಯ ಅವಧಿ ಮುಗಿದು ಎರಡು ಯುಗಾದಿ ಕಳೆದಿವೆ. ನೋಂದಣಿ ಸಂಖ್ಯೆ ಇರಬೇಕಾದ ಫಲಕದ ಅರ್ಧಭಾಗವನ್ನು ಮನೆದೇವರ ಹೆಸರು ಆಕ್ರಮಿಸಿಕೊಂಡಿದೆ. ಇದು ನಮ್ಮ ಭಕ್ತರ ಮನೆಗಳಲ್ಲಿ ಬಹಳ ಕಾಣುವ ವಾಡಿಕೆ. ದೇವರ ಹೆಸರಿಗೆ ಬೇರೆ ಸ್ಥಳಗಳುಂಟು. ಢಿಕ್ಕಿ ಹೊಡೆದು ಓಡಿದವನನ್ನು ಗುರುತಿಸಲು ಇರುವ ಆ ತಗಡಿನ ಮೇಲೆ ಅಂಕಿಗಳೇ ಇರಬೇಕು.

ಊರು ದಾಟಿದ ಮೇಲೆ ಒಂದು ತಿರುವಿನಲ್ಲಿ ಪೊಲೀಸರು ನಿಂತಿದ್ದರು. ಅದಕ್ಕೂ ಮೊದಲೇ ಎದುರಿನಿಂದ ಬಂದ ವಾಹನವೊಂದು ಹಗಲಿನಲ್ಲಿಯೇ ದೀಪ ಮಿನುಗಿಸಿ ಹೋಗಿತ್ತು. ಅದು ಸಂಜ್ಞೆಯೆಂದು ಹುಡುಗನಿಗೆ ಗೊತ್ತು, ನಮಗೆ ಗೊತ್ತಿರಲಿಲ್ಲ. ಹೊಲದ ದಾರಿಗೆ ತಿರುಗಿಸುವಷ್ಟರಲ್ಲಿ ಸೀಟಿ ಕೇಳಿಸಿತು. ಅಲ್ಲಿ ನಮಗಿಂತ ಮುಂಚೆ ಒಬ್ಬ ರೈತ ದಂಪತಿಯನ್ನು ತಡೆದಿದ್ದರು. ಗಂಡನ ತಲೆ ಬರಿದು, ಹೆಂಡತಿಯ ತಲೆಯ ಮೇಲೆ ಸೆರಗು. ಅಧಿಕಾರಿಯ ಕೈಯಲ್ಲಿದ್ದ ಪುಟ್ಟ ಯಂತ್ರ ಚೀಟಿಯನ್ನು ಮುದ್ರಿಸುತ್ತಿತ್ತು. ಗಂಡ ಜೇಬು ತಡವುತ್ತ ನಿಂತ. ಆ ತಾಯಿ ಎಲೆಅಡಿಕೆಯ ಚೀಲವನ್ನು ಬಿಚ್ಚಿ, ಮಡಿಸಿ ಮಡಿಸಿ ಇಟ್ಟಿದ್ದ ನೋಟುಗಳನ್ನು ಒಂದೊಂದಾಗಿ ಎಣಿಸಿ ಕೊಟ್ಟಳು.

ಅಧಿಕಾರಿ ನಮ್ಮತ್ತ ತಿರುಗಿದರು. ಹಣೆಯ ವಿಭೂತಿ, ಹೆಗಲ ಶಾಲು, ನರೆತ ಗಡ್ಡ ಅವರ ಕಣ್ಣಿಗೆ ಬಿದ್ದವು. "ತಾತ, ತಾವ್ಯಾಕ್ರೀ ಗಾಡಿ ಮ್ಯಾಲೆ ಬಂದ್ರಿ? ಹೋಗ್ಬರ್ರಿ. ಏ ಹುಡುಗಾ, ನಿಧಾನ ಹೋಗು" ಎಂದು ಕೈಮುಗಿದು ದಾರಿ ಬಿಟ್ಟರು. ಆ ರೈತ ನಮ್ಮನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಅವನೂ ಕೈಮುಗಿದ. ಸತ್ಯವನ್ನೇ ಹೇಳಬೇಕೆಂದರೆ, ಆ ಕ್ಷಣದಲ್ಲಿ ನಮಗಾದದ್ದು ನಾಚಿಕೆಯಲ್ಲ, ಸಮಾಧಾನ. ನಾಚಿಕೆ ಬಂದದ್ದು ಊರು ಮುಟ್ಟಿದ ಮೇಲೆ.

ಪ್ರಸಾದವಾದ ಮೇಲೆ ಅಟ್ಟದ ನೆರಳಿನಲ್ಲಿ ಕುಳಿತು ಈ ಮಾತನ್ನು ತೆಗೆದೆವು. ಗೆಳೆಯರು ಹಾಸಿಗೆಯಲ್ಲಿ ಒರಗಿಕೊಂಡೇ ನಕ್ಕರು. "ಹೊಲ ದೂರ ಐತಿ. ಇವನ ಅಪ್ಪ ಬೆಳಗಿಂದ ಮೆಣಸಿನಕಾಯಿ ಕಣದಾಗ ಇರ್ತಾನ. ಬುತ್ತಿ ಒಯ್ಯೋರು ಯಾರು? ನನಗ ಗುಳಿಗಿ ತರೋರು ಯಾರು?" ಎಂದರು. ಮಾತು ಸುಳ್ಳಲ್ಲ. ಪಟ್ಟಣದಲ್ಲಿ ಕುಳಿತು ಕಾನೂನು ಹೇಳುವವರಿಗೆ ಹಳ್ಳಿಯ ಈ ಇಕ್ಕಟ್ಟು ಕಾಣುವುದಿಲ್ಲ. ಬಸ್ಸು ತಪ್ಪಿದರೆ ಮುಂದಿನದಕ್ಕೆ ಎಷ್ಟು ಹೊತ್ತೋ, ಆಳುಗಳು ಕಾಯುವುದಿಲ್ಲ, ಮನೆಯಲ್ಲಿ ಇರುವ ಒಂದೇ ವಾಹನಕ್ಕೆ ಇರುವ ಒಂದೇ ಬಿಡುವಿನ ಕೈ ಆ ಹುಡುಗನದು.

ಆದರೆ ಕಾನೂನು ಏನು ಹೇಳುತ್ತದೆಂಬುದು ಆ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಅನೇಕ ಮನೆಗಳಲ್ಲಿ ಹೀಗೆಯೇ ಇರುವುದರಿಂದ ಇಲ್ಲಿ ಬರೆಯುತ್ತೇವೆ. 1988ರ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ತಿದ್ದುಪಡಿಯಾಯಿತು. ಆ ವರ್ಷದ ಸೆಪ್ಟೆಂಬರ್ 1ರಿಂದ ದಂಡಗಳು ಹಲವು ಪಟ್ಟು ಏರಿದವು. ಜನರ ಕೂಗು ಕೇಳಿ ನಮ್ಮ ರಾಜ್ಯ ಸರ್ಕಾರ ಅದೇ ತಿಂಗಳು ಕೆಲವನ್ನು ತಗ್ಗಿಸಿತು. ಹೆಲ್ಮೆಟ್ ಇಲ್ಲದ್ದಕ್ಕೆ 1,000 ರೂಪಾಯಿ ಇದ್ದದ್ದು 500 ಆಯಿತು. ಇಂಥವನ್ನು ಪೊಲೀಸರು ಸ್ಥಳದಲ್ಲಿಯೇ ವಸೂಲು ಮಾಡಿ ರಶೀದಿ ಕೊಡಬಹುದು. ಆದರೆ ಅಪ್ರಾಪ್ತರ ಕೈಗೆ ವಾಹನ ಕೊಟ್ಟ ಅಪರಾಧ ಈ ಗುಂಪಿಗೆ ಸೇರಿದ್ದಲ್ಲ. ಅದು ನ್ಯಾಯಾಲಯಕ್ಕೆ ಹೋಗುತ್ತದೆ. ಅಲ್ಲಿ ನಿಲ್ಲಬೇಕಾದವರು ಪೋಷಕರು ಅಥವಾ ವಾಹನದ ಒಡೆಯರು. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ, ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಮಗುವಿಗೆ ಇಪ್ಪತ್ತೈದು ತುಂಬುವವರೆಗೆ ಪರವಾನಗಿ ಇಲ್ಲ. ತಮಗೆ ತಿಳಿಯದಂತೆ ನಡೆಯಿತೆಂದು, ಇಲ್ಲವೆ ತಡೆಯಲು ಶಕ್ತಿಮೀರಿ ಯತ್ನಿಸಿದೆವೆಂದು ಹಿರಿಯರೇ ರುಜುವಾತು ಮಾಡಬೇಕು. ಈ ದಂಡವನ್ನು ರಾಜ್ಯದ ಹಲವು ನ್ಯಾಯಾಲಯಗಳು ತಂದೆತಾಯಿಗಳಿಗೆ ವಿಧಿಸಿವೆ.

ಗೆಳೆಯರ ನಗೆ ನಿಂತಿತು. ವಾಹನ ಅವರ ಹೆಸರಿನಲ್ಲಿಯೇ ಇತ್ತು.

ದಂಡಕ್ಕಿಂತ ದೊಡ್ಡದು ಇನ್ನೊಂದುಂಟು. ವಿಮೆ ಇಲ್ಲದ ಅಥವಾ ಪರವಾನಗಿ ಇಲ್ಲದವನು ನಡೆಸಿದ ವಾಹನ ಯಾರಿಗಾದರೂ ಬಡಿದರೆ, ಪರಿಹಾರದ ಭಾರ ಕಡೆಗೆ ಒಡೆಯನ ಮೇಲೆಯೇ ಬೀಳುತ್ತದೆ. ವಿಮೆ ಇದ್ದರೂ ಕಂಪನಿಯವರು ನೊಂದವರಿಗೆ ಮೊದಲು ಕೊಟ್ಟು, ಆಮೇಲೆ ಒಡೆಯನಿಂದ ವಸೂಲು ಮಾಡಿಕೊಳ್ಳಿರೆಂದು ನ್ಯಾಯಾಲಯಗಳು ಆಜ್ಞೆ ಮಾಡುವುದುಂಟು. ಎರಡೆಕರೆ ನೀರಾವರಿ ಹೊಲ ಮಾರಿದರೂ ಸಾಲದಂಥ ಮೊತ್ತಗಳು ಅವು. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಜನರನ್ನು ಕರೆದೊಯ್ಯುವುದರಲ್ಲಿಯೂ ಇದೇ ಅಪಾಯ. ಅದು ಬೆಳೆ ಸಾಗಿಸಲು ನೋಂದಣಿಯಾದದ್ದು. ಅದರಲ್ಲಿ ಕುಳಿತವರಿಗೆ ಸಾಮಾನ್ಯವಾಗಿ ವಿಮೆಯ ರಕ್ಷೆ ದೊರೆಯುವುದಿಲ್ಲ. ಜಾತ್ರೆಗೆ, ಮದುವೆಯ ದಿಬ್ಬಣಕ್ಕೆ, ಕೂಲಿಗೆ ಜನರನ್ನು ತುಂಬಿಕೊಂಡು ಹೋಗುವ ಟ್ರೇಲರುಗಳನ್ನು ನಾವೆಲ್ಲರೂ ಕಂಡಿದ್ದೇವೆ, ಕೆಲವು ಸಲ ಹತ್ತಿಯೂ ಇದ್ದೇವೆ. 2022ರ ಸೆಪ್ಟೆಂಬರಿನಲ್ಲಿ ಇದೇ ಬಳ್ಳಾರಿ ಸೀಮೆಯ ಕೊಳಗಲ್ಲಿನ ಹತ್ತಿರ, ಹೊಲದ ಕೂಲಿಗೆ ಹೊರಟ ಹೆಣ್ಣುಮಕ್ಕಳಿದ್ದ ಆಟೋ ಕಾಲುವೆಗೆ ಉರುಳಿ ಜೀವಹಾನಿಯಾಯಿತು. ಕಾಲುವೆಯ ಏರಿಯ ಮೇಲೆ ಪೊಲೀಸರು ನಿಲ್ಲುವುದಿಲ್ಲ. ನಿಲ್ಲಲು ಅವರ ಸಂಖ್ಯೆಯೂ ಸಾಲದು. ಅವರು ಕಾಣಸಿಗುವುದು ಸರ್ಕಲ್ಲಿನಲ್ಲಿ, ಕ್ರಾಸಿನಲ್ಲಿ, ಹೆದ್ದಾರಿಯ ತಿರುವಿನಲ್ಲಿ. ಅಲ್ಲಿಯವರೆಗೆ ಹೆಲ್ಮೆಟ್ಟು ತೋಳಿಗೆ ಸಿಕ್ಕಿಕೊಂಡಿರುತ್ತದೆ, ಸೀಟಿ ಕೇಳಿಸಿದಾಗ ತಲೆಗೇರುತ್ತದೆ.

ಹಾಗೆಂದು ಪೊಲೀಸರನ್ನು ಪೂರ್ತಿ ಬಿಟ್ಟುಕೊಡಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಬಡವನ ಬರಿದಾದ ತಲೆ ಕಾಣುವಷ್ಟು ಸುಲಭವಾಗಿ ಮಿತಿಮೀರಿ ಭಾರ ಹೊತ್ತ ಲಾರಿ ಈ ಜಿಲ್ಲೆಯಲ್ಲಿ ಎಲ್ಲರಿಗೂ ಕಂಡಿರಲಿಲ್ಲ. ಕಬ್ಬಿಣದ ಅದಿರಿನ ಭರಾಟೆಯ ದಿನಗಳಲ್ಲಿ ಸಂಡೂರು, ಹೊಸಪೇಟೆಯ ರಸ್ತೆಗಳು ಹೇಗೆ ನುಚ್ಚುನೂರಾದುವೆಂಬುದನ್ನು ಕಂಡವರು ಇನ್ನೂ ಇದ್ದಾರೆ. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ವರದಿಗಳಲ್ಲಿ ಆ ಅಧಿಕ ಭಾರದ ಸಾಗಣೆಯೂ ದಾಖಲಾಗಿದೆ. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನು ತಡೆದ ಮೇಲೆಯೇ ಆ ಸಾಲು ಕರಗಿದ್ದು. ಈಗ ಅಧಿಕ ಭಾರಕ್ಕೆ 20,000 ರೂಪಾಯಿ, ಅದರ ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ.

ಗೆಳೆಯರ ಸೊಸೆ ಇಷ್ಟು ಹೊತ್ತೂ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳು. ಕಡೆಗೆ ಒಳಗಿಂದಲೇ ಹೇಳಿದಳು: "ಕೀ ಕೊಡಾಕಿ ನಾನೇ, ತಾತ. ಕೊಟ್ಟ ಮ್ಯಾಲೆ ಅವನ ಗಾಡಿ ಸಪ್ಪಳ ಓಣಿಯಾಗ ಕೇಳೋತನ ಒಲಿ ಮುಂದ ಕೈ ಆಡಂಗಿಲ್ಲ. ರಾತ್ರಿ ಆದ್ರಂತೂ ದಾರಿಯಾಗ ಟ್ರೇಲರ್ ನಿಲ್ಸಿರ್ತಾರ, ಹಿಂದ ದೀಪ ಇರಂಗಿಲ್ಲ."

ಆ ತಾಯಿಯ ಕೊನೆಯ ಮಾತು ಕೃಷಿಕರ ಮನೆಗಳೆಲ್ಲ ಕೇಳಬೇಕಾದದ್ದು. ಗಾಲಿ ಪಂಕ್ಚರಾದ ಟ್ರೇಲರನ್ನು ರಸ್ತೆಯ ಮೇಲೆಯೇ ಬಿಟ್ಟು, ಸುತ್ತ ಕಲ್ಲು ಜೋಡಿಸಿ, ರಿಪೇರಿಯಾದ ಮೇಲೆ ಟ್ರೇಲರನ್ನು ಮಾತ್ರ ಒಯ್ದು ಕಲ್ಲುಗಳನ್ನು ಅಲ್ಲಿಯೇ ಬಿಡುವ ರೂಢಿ ನಮ್ಮಲ್ಲಿ ಎಷ್ಟು ಸಹಜವಾಗಿದೆ! ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಕಾಳು ಹರವಿ, ಅಂಚಿಗೆ ಗುಂಡುಕಲ್ಲು ಇಡುವುದೂ ಹಾಗೆಯೇ. ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದರೆ 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಂತೆ 5,000 ರೂಪಾಯಿಯವರೆಗೆ ದಂಡವಿದೆ. ಆ ದಂಡವನ್ನು ಹಾಕಿಸಿಕೊಂಡ ರೈತನನ್ನು ನಾವು ಇದುವರೆಗೆ ಕಂಡಿಲ್ಲ. ಟ್ರೇಲರಿನ ಹಿಂಬದಿಗೆ ಕೆಂಪು ಪ್ರತಿಫಲಕದ ಪಟ್ಟಿ ಅಂಟಿಸಲು ಒಂದು ದಿನದ ಚಹಾದ ಖರ್ಚು ಸಾಕು.

2022ರಲ್ಲಿ ದೇಶದ ರಸ್ತೆಗಳ ಮೇಲೆ 1,68,491 ಜನ ಸತ್ತರು. ಅವರಲ್ಲಿ 50,029 ಜನ ಹೆಲ್ಮೆಟ್ ಧರಿಸದವರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿಯಲ್ಲಿದೆ. ಹಿಂದೆ ಕುಳಿತವರೂ ಇದರಲ್ಲಿ ಸೇರಿದ್ದಾರೆ. ನಮ್ಮ ರಾಜ್ಯದಲ್ಲಿ ಹಿಂಬದಿಯ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಆಗ ಮಹಿಳೆಯರು ತುರುಬಿನ, ಹೂವಿನ ತೊಂದರೆ ಹೇಳಿದರು. ನಮ್ಮಂಥವರು ರುಮಾಲು ತೋರಿಸಿದೆವು. ಕಾನೂನಿನಲ್ಲಿ ರುಮಾಲಿನ ವಿನಾಯಿತಿ ಇರುವುದು ಸಿಖ್ಖರಿಗೆ ಮಾತ್ರ. ಶಾಲಿಗೂ ವಿಭೂತಿಗೂ ಇಲ್ಲ. ಕೊಳ್ಳುವವರು ಐಎಸ್‌ಐ ಗುರುತನ್ನೂ 4151 ಎಂಬ ಸಂಖ್ಯೆಯನ್ನೂ ನೋಡಿ ಕೊಳ್ಳಬೇಕು. ರಸ್ತೆಬದಿಯಲ್ಲಿ ಮಾರುವ ಅರ್ಧ ಟೊಪ್ಪಿಗೆ ದಂಡವನ್ನು ತಪ್ಪಿಸೀತು, ತಲೆಯನ್ನು ಕಾಯದು.

ರಾತ್ರಿ ಬಹಳ ಹೊತ್ತು ಮಾತು ನಡೆಯಿತು. ಬುತ್ತಿ ಯಾರು ಒಯ್ಯಬೇಕೆಂಬುದಕ್ಕೆ ಯಾರಲ್ಲಿಯೂ ಉತ್ತರವಿರಲಿಲ್ಲ, ನಮ್ಮಲ್ಲಿಯೂ ಇರಲಿಲ್ಲ. ಬೆಳಿಗ್ಗೆ ಎದ್ದಾಗ ಕೀಲಿಕೈ ಜಗುಲಿಯ ಮೇಲೆ ವಿಭೂತಿಗಟ್ಟಿಯ ಪಕ್ಕದಲ್ಲಿತ್ತು. ಸೊಸೆ ಇಟ್ಟಿದ್ದಳು. ಹುಡುಗ ಮುಖ ಊದಿಸಿಕೊಂಡು, ಅಟ್ಟದ ಕೆಳಗಿಂದ ತಂದೆಯ ಕಾಲದ ಸೈಕಲ್ಲನ್ನು ಹೊರತೆಗೆದು ಗಾಳಿ ಹೊಡೆಯುತ್ತಿದ್ದ. ನಮ್ಮ ಕೈಚೀಲವನ್ನು ಅದಕ್ಕೆ ನೇತುಹಾಕಿ ಬಸ್ ನಿಲ್ದಾಣದವರೆಗೆ ನಮ್ಮೊಡನೆ ನಡೆದುಬಂದ. ದಾರಿಯಲ್ಲಿ ಒಂದೇ ಮಾತು ಕೇಳಿದ: "ನಿನ್ನೆ ಆ ಸಾಹೇಬ್ರು ನಮಗ್ಯಾಕ ದಂಡ ಹಾಕ್ಲಿಲ್ಲ ತಾತ?"

ಏನೋ ಹೇಳಿದೆವು. ಅದು ಉತ್ತರವಾಗಿರಲಿಲ್ಲ.

ಬಸ್ಸು ಅದೇ ತಿರುವಿಗೆ ಬಂದಾಗ ಪೊಲೀಸರು ಮತ್ತೆ ನಿಂತಿದ್ದರು. ನಿನ್ನೆಯ ಅಧಿಕಾರಿಯೇ. ಒಬ್ಬ ಹಾಲಿನವನ ಕ್ಯಾನುಗಳನ್ನು ಕೆಳಗಿಳಿಸಿ ಕಾಗದಪತ್ರ ಕೇಳುತ್ತಿದ್ದರು. ಕಿಟಕಿಯಲ್ಲಿ ನಮ್ಮನ್ನು ಗುರುತಿಸಿ, ಯಂತ್ರ ಹಿಡಿದ ಕೈಯನ್ನೇ ಹಣೆಗೆತ್ತಿದರು. ನಾವು ಶಾಲನ್ನು ಸರಿಪಡಿಸಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದೆವು.