ದೂರದಿಂದ ಅಕ್ಷರ ಕಲಿಸಿದ ದಿನಗಳು

ನಮ್ಮ ಪ್ರೌಢಶಾಲೆಗೆ ಸೇರಿದ ಪ್ರಾಥಮಿಕ ವಿಭಾಗದ ಎಳೆಯ ಮಕ್ಕಳು 2020ನೆಯ ಇಸವಿ ಮಾರ್ಚ್ ತಿಂಗಳ ನಡುವಿನಿಂದ 2021ನೆಯ ಇಸವಿ ಅಕ್ಟೋಬರ್ 25ರ ವರೆಗೆ ತರಗತಿಯಲ್ಲಿ ಕುಳಿತವರಲ್ಲವೆಂಬುದು ಈ ಸಂಚಿಕೆಯನ್ನು ಓದುವ ತಂದೆತಾಯಿಗಳೆಲ್ಲರಿಗೂ ತಿಳಿದ ಸಂಗತಿಯೇ. ಆ ಹತ್ತೊಂಬತ್ತು ತಿಂಗಳುಗಳಲ್ಲಿ ಮೊಬೈಲ್ ಮೂಲಕ ಅವರ ಪಾಠವನ್ನು ಹೇಗೆ ನಡೆಸಿದಿರೆಂದು ಹಳೆಯ ವಿದ್ಯಾರ್ಥಿನಿಯರನೇಕರು ನನ್ನನ್ನು ಕೇಳಿದ್ದಾರೆ. ಪ್ರೌಢಶಾಲೆಯ ಬಾಲಿಕೆಯರ ವಿಷಯವನ್ನು ನಾನಿಲ್ಲಿ ಎತ್ತುವುದಿಲ್ಲ. ಅವರು ಓದುಬರಹ ಬಲ್ಲವರು. ಹೇಗೋ ಈಸಿ ದಡ ಸೇರಿದರು. ನನ್ನ ಮನಸ್ಸಿನಲ್ಲಿ ಉಳಿದಿರುವವರು ಆ ವರ್ಷ ಒಂದನೆಯ ತರಗತಿಗೆ ಹೆಸರು ಬರೆಸಿ, ಒಂದಕ್ಷರವನ್ನೂ ತಿದ್ದುವುದಕ್ಕೆ ಮುಂಚೆಯೇ ಮನೆಯಲ್ಲಿ ಉಳಿದ ಮಕ್ಕಳು.

ಇಷ್ಟು ಚಿಕ್ಕವರಿಗೆ ಆನ್‌ಲೈನ್ ಪಾಠವು ಸಲ್ಲುವುದೋ ಸಲ್ಲದೋ ಎಂಬ ಚರ್ಚೆಯು ಆಗ ನಾಡಿನಲ್ಲೆಲ್ಲಾ ನಡೆಯಿತು. 2020ರ ಜೂನ್ ತಿಂಗಳಲ್ಲಿ ಸರಕಾರವು ಐದನೆಯ ತರಗತಿಯವರೆಗಿನ ಮಕ್ಕಳಿಗೆ ಅದು ಕೂಡದೆಂದು ನಿಷೇಧಿಸಿತು; ಜುಲೈ 8ರಂದು ಉಚ್ಚ ನ್ಯಾಯಾಲಯವು ಆ ನಿಷೇಧವನ್ನು ತಡೆಹಿಡಿಯಿತು. ಈ ಸಂದೇಹವು ಹೊಸದೇನೂ ಅಲ್ಲ. 1937ರಲ್ಲಿ ಪೋಲಿಯೋ ಜಾಡ್ಯದ ಭಯದಿಂದ ಅಮೆರಿಕ ದೇಶದ ಶಿಕಾಗೋ ಪಟ್ಟಣದ ಶಾಲೆಗಳು ಬಾಗಿಲು ತೆರೆಯದಿದ್ದಾಗ ಅಲ್ಲಿನವರು ರೇಡಿಯೋದಲ್ಲಿ ಪಾಠ ಹೇಳಿಸಿದರು. ಆದರೆ ಮೂರನೆಯ ತರಗತಿಯಿಂದ ಎಂಟನೆಯದರ ವರೆಗೆ ಮಾತ್ರ. ಮೊದಲೆರಡು ತರಗತಿಗಳು ಆ ಏರ್ಪಾಟಿನಲ್ಲಿ ಸೇರಿರಲಿಲ್ಲ. ಅಕ್ಷರ ಕಲಿಸಿದ ಯಾವ ಉಪಾಧ್ಯಾಯಿನಿಗೂ ಇದರ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗುವು ‘ಕ’ ಬರೆಯುವಾಗ ಎಲ್ಲಿಂದ ಆರಂಭಿಸಿ ಯಾವ ಕಡೆಗೆ ತಿರುಗಿಸಿತೆಂಬುದನ್ನು ನೋಡುತ್ತಾ, ತಪ್ಪಿದ ಕ್ಷಣದಲ್ಲಿಯೇ ಆ ಪುಟ್ಟ ಕೈಯನ್ನು ಹಿಡಿದು ತಿರುಗಿಸಬೇಕು. ಮೊಬೈಲಿನಲ್ಲಿ ನಮಗೆ ಬರುತ್ತಿದ್ದುದು ಬರೆದು ಮುಗಿಸಿದ ಅಕ್ಷರದ ಚಿತ್ರ. ಅದೂ ಎಷ್ಟೋ ವೇಳೆ ಅಕ್ಕನ ಕೈಬರಹ!

ನಮ್ಮ ಮಕ್ಕಳಲ್ಲಿ ಹಲವರು ಸ್ಕಂದಗಿರಿಯ ಬುಡದಲ್ಲಿರುವ ಕಳವಾರದಿಂದಲೂ ಅದರ ನೆರೆಹೊರೆಯ ಹಳ್ಳಿಗಳಿಂದಲೂ ಬರತಕ್ಕವರು. ಬೆಂಗಳೂರಿನ ಜನರು ಸೂರ್ಯೋದಯ ನೋಡಲು ಕಳವಾರದ ಬೆಟ್ಟವನ್ನು ಹತ್ತುವುದುಂಟು. ಕೆಳಗಿನ ಮನೆಗಳೊಳಗೆ ಅವರು ಬಂದವರಲ್ಲ. ಆ ಮನೆಗಳಲ್ಲಿ ಇದ್ದುದು ಹೆಚ್ಚಾಗಿ ಒಂದೇ ಮೊಬೈಲ್. ಅದು ಮುಂಜಾನೆ ಯಜಮಾನನ ಜೇಬಿನಲ್ಲಿ ತೋಟಕ್ಕೋ ಮಾರುಕಟ್ಟೆಗೋ ಹೊರಟರೆ ದೀಪ ಹಚ್ಚಿದ ಮೇಲೆಯೇ ಹಿಂದಿರುಗುತ್ತಿದ್ದಿತು. ಬೆಳಿಗ್ಗೆ ಹತ್ತು ಗಂಟೆಯ ತರಗತಿಯೆಂಬ ಏರ್ಪಾಟು ಒಂದೇ ವಾರದಲ್ಲಿ ಬಿದ್ದುಹೋಯಿತು. ಅಲ್ಲಿಂದ ಮುಂದೆ ನಮ್ಮ ಪಾಠದ ಗಂಟೆ ರಾತ್ರಿ ಎಂಟಕ್ಕೆ ಹೊಡೆಯಿತು. ಮನೆಯಲ್ಲಿ ಅಣ್ಣನಿದ್ದರೆ ಮೊದಲ ಸರದಿ ಅವನದು. ಅವನ ಪಾಠ ಮುಗಿದು, ಅವನ ಆಟವೂ ಮುಗಿದ ತರುವಾಯ, ನಿದ್ದೆಗಣ್ಣಿನ ತಂಗಿಯ ಕೈಗೆ ಮೊಬೈಲ್ ಬರುತ್ತಿದ್ದಿತು. ತಂದೆತಾಯಿಗಳು ನನ್ನ ಮೇಲೆ ಮುನಿದರೂ ಚಿಂತೆಯಿಲ್ಲ, ಇದನ್ನು ಬರೆಯದೆ ಬಿಡಲಾರೆ.

ಇನ್ನೊಂದು ತೊಡಕನ್ನು ರಾಜಧಾನಿಯ ಚರ್ಚೆಗಳಲ್ಲಿ ಯಾರೂ ಎತ್ತಿದ್ದನ್ನು ನಾನು ಕೇಳಲಿಲ್ಲ. ನಮ್ಮ ಸೀಮೆಯ ಬಹು ಮನೆಗಳಲ್ಲಿ ಒಲೆಯ ಮುಂದಿನ ಮಾತು ತೆಲುಗು. ಕನ್ನಡವು ಆ ಮಕ್ಕಳ ಕಿವಿಗೆ ದಿನವೂ ಬೀಳುತ್ತಿದ್ದುದು ಶಾಲೆಯಲ್ಲಿ. ಶಾಲೆ ಮುಚ್ಚಿದೊಡನೆ ಅಕ್ಷರಗಳ ಜೊತೆಗೆ ಭಾಷೆಯೂ ದೂರವಾಯಿತು. ಆದಕಾರಣ ನಾವು ಚಿತ್ರಪಟಗಳನ್ನೂ ಮುದ್ರಿತ ಹಾಳೆಗಳನ್ನೂ ಕಳುಹಿಸುವುದನ್ನು ಕಡಿಮೆ ಮಾಡಿ, ದಿನಕ್ಕೊಂದು ಕಥೆಯನ್ನು ನಮ್ಮ ಸ್ವಂತ ಧ್ವನಿಯಲ್ಲಿ ಹೇಳಿ ವಾಟ್ಸಾಪಿನಲ್ಲಿ ಕಳುಹಿಸತೊಡಗಿದೆವು. ಅದಕ್ಕೆ ಡೇಟಾ ಸ್ವಲ್ಪವೇ ಸಾಕು. ಮೊಬೈಲನ್ನು ಗೂಡಿನಲ್ಲಿಟ್ಟರೆ ಮನೆಮಂದಿಯೆಲ್ಲಾ ಕೇಳಬಹುದು. ಮಗುವು ಕೇಳಿದ ಕಥೆಯನ್ನು ತನ್ನ ಮಾತಿನಲ್ಲಿ ಹೇಳಿ ಮರುದಿನ ನಮಗೆ ಕಳುಹಿಸಬೇಕು. ತೆಲುಗು ಬೆರೆತ ಆ ಕನ್ನಡವನ್ನು ಕೇಳಿ ನಮ್ಮ ಉಪಾಧ್ಯಾಯಿನಿಯರು ನಗುತ್ತಿದ್ದರು, ಒಂದೊಂದು ವೇಳೆ ಕಣ್ಣೊರಸಿಕೊಳ್ಳುತ್ತಲೂ ಇದ್ದರು.

ಒಂದು ದಿನ ಬೆಂಗಳೂರಿನಿಂದ ಹೊಸದಾಗಿ ಬಂದಿದ್ದ ಉಪಾಧ್ಯಾಯಿನಿಯೊಬ್ಬರು ಗಾಬರಿಯಿಂದ ನನಗೆ ಫೋನ್ ಮಾಡಿದರು. “ಮಿಸ್, ಮನೇಲಿ ನಾಲ್ಕನೇ ಜ್ವರ ಎದ್ದಿದೆ, ಒಂದು ವಾರ ಮಗೂನ ಕೂರಿಸೋಕಾಗಲ್ಲ” ಎಂದು ತಾಯಿಯೊಬ್ಬಳು ಹೇಳಿಕಳುಹಿಸಿದ್ದಳಂತೆ. ರೋಗದ ದಿನಗಳಲ್ಲವೇ! ಆ ಮನೆಗೆ ಆಸ್ಪತ್ರೆಯವರನ್ನು ಕಳುಹಿಸಬೇಕೆಂಬುದು ಅವರ ಆತುರ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನು ಬಲ್ಲ ಓದುಗರು ಈಗಾಗಲೇ ನಗುತ್ತಿರಬಹುದು. ರೇಷ್ಮೆಹುಳುವು ಪೊರೆ ಬಿಡುವುದಕ್ಕೆ ಜ್ವರವೆಂದು ಹೆಸರು. ನಾಲ್ಕನೆಯ ಜ್ವರದಿಂದೆದ್ದ ಹುಳುವು ತನ್ನ ಆಯುಸ್ಸಿನಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಆ ಒಂದು ವಾರದಲ್ಲಿಯೇ ತಿಂದುಬಿಡುತ್ತದೆ. ಆಮೇಲೆ ಹಣ್ಣಾದ ಹುಳುಗಳನ್ನು ಆಯ್ದು ಚಂದ್ರಿಕೆಗೆ ಬಿಡಬೇಕು. ಆ ದಿನಗಳಲ್ಲಿ ಮಕ್ಕಳಿಗೂ ಬಿಡುವಿರದು. ಅಂದಿನಿಂದ ನಾವು ಯಾವ ಮನೆಯ ಹುಳು ಯಾವ ಜ್ವರದಲ್ಲಿದೆಯೆಂದು ಹಾಜರಿ ಪುಸ್ತಕದ ಅಂಚಿನಲ್ಲಿ ಬರೆದಿಟ್ಟುಕೊಂಡು, ಆ ಮಗುವಿನ ಪಾಠವನ್ನು ಮುಂದಕ್ಕೆ ಹಾಕಿದೆವು.

ಇಷ್ಟಾದರೂ ಮಗುವಿನ ಪಕ್ಕದಲ್ಲಿ ಕುಳಿತು ಕೈ ಹಿಡಿಯುವವರು ಯಾರು? 1951ರಲ್ಲಿ ಆಸ್ಟ್ರೇಲಿಯಾ ದೇಶದ ಆಲಿಸ್ ಸ್ಪ್ರಿಂಗ್ಸ್ ಎಂಬಲ್ಲಿ, ಊರುಗಳಿಂದ ಬಹುದೂರದಲ್ಲಿರುವ ದನದ ಹಟ್ಟಿಗಳ ಮಕ್ಕಳಿಗಾಗಿ ರೇಡಿಯೋ ಶಾಲೆಯೊಂದು ಆರಂಭವಾಯಿತು. ಶಾಲಾ ತನಿಖಾಧಿಕಾರಿಣಿಯಾಗಿದ್ದ ಅಡಿಲೇಡ್ ಮೀಥ್ಕೆ ಎಂಬ ಮಹಿಳೆಯ ಮನಸ್ಸಿನಲ್ಲಿ ಮೊದಲು ಹುಟ್ಟಿದ ಯೋಜನೆಯದು. ಅಲ್ಲಿ ಉಪಾಧ್ಯಾಯಿನಿಯ ಧ್ವನಿಯು ನೂರಾರು ಮೈಲಿಗಳಾಚೆಯಿಂದ ಬಂದರೂ ಮಗುವಿನ ಬಳಿ ತಾಯಿಯೋ ಮನೆಯ ಶಿಕ್ಷಕಿಯೋ ಕುಳಿತಿರುತ್ತಿದ್ದಳು. ನಮ್ಮಲ್ಲಿ ಅಂಥವರನ್ನು ಎಲ್ಲಿ ಹುಡುಕುವುದೆಂದು ಹಳೆಯ ದಾಖಲೆ ಪುಸ್ತಕಗಳನ್ನು ತೆರೆದು ಕುಳಿತೆನು. ಕಳವಾರ, ಗೌರಿಬಿದನೂರು, ಚಿಂತಾಮಣಿಯ ಕಡೆಗಳಿಗೆ ಮದುವೆಯಾಗಿ ಹೋದ ನಮ್ಮ ವಿದ್ಯಾರ್ಥಿನಿಯರ ಹೆಸರುಗಳು ಸಾಲುಸಾಲಾಗಿ ದೊರೆತವು. ಹತ್ತನೆಯ ತರಗತಿಯಲ್ಲಿ ನಪಾಸಾಗಿ ಓದು ಬಿಟ್ಟವರು ಅವರಲ್ಲಿ ಅನೇಕರಿದ್ದರು. ಅಂಥವಳೊಬ್ಬಳು, “ನಾನೇ ಫೇಲಾದೋಳು ಮಿಸ್, ನನ್ನಿಂದೇನು ಹೇಳಿಸ್ತೀರಿ?” ಎಂದಳು. ‘ಕ’ದಿಂದ ‘ಳ’ದವರೆಗೆ ಬರೆಯಬಲ್ಲೆಯಷ್ಟೆ, ಅಷ್ಟು ಸಾಕು ಎಂದೆನು. ಮರುವಾರದಿಂದ ಅವಳ ಜಗಲಿಯಲ್ಲಿ ತನ್ನ ಮಗಳೊಂದಿಗೆ ನೆರೆಯ ಮೂವರು ಮಕ್ಕಳನ್ನು ದೂರದೂರ ಕೂರಿಸಿ, ತಟ್ಟೆಯಲ್ಲಿ ರಾಗಿ ಹರಡಿ ಬೆರಳಿನಿಂದ ಅಕ್ಷರ ತಿದ್ದಿಸಿದಳು. ಆ 2020ರ ಆಗಸ್ಟಿನಲ್ಲಿ ಸರಕಾರದ ‘ವಿದ್ಯಾಗಮ’ ಯೋಜನೆಯಂತೆ ಉಪಾಧ್ಯಾಯರು ಗುಡಿಯ ಜಗಲಿಗಳಿಗೂ ಮರದ ನೆರಳಿಗೂ ಹೋಗಿ ಪಾಠ ಹೇಳತೊಡಗಿದರು. ಅಕ್ಟೋಬರಿನಲ್ಲಿ ರೋಗಭಯದಿಂದ ಅದು ನಿಂತಿತು. ಇವಳ ಜಗಲಿ ನಿಲ್ಲಲಿಲ್ಲ.

ಶಾಲೆ ತೆರೆದ ದಿನ ಆ ಮಕ್ಕಳೆಲ್ಲಾ ಎರಡನೆಯ ತರಗತಿಯವರಾಗಿ ಬಂದರು. ಹೊಸ ಅಂಗಿಗಳು, ಕಾಲಿಗೆ ಚಿಕ್ಕದಾದ ಹಳೆಯ ಬೂಟುಗಳು. ಪಕ್ಕದಲ್ಲಿ ಯಾರಾದರೂ ಕುಳಿತು ಓದಿಸಿದ್ದವರು ತಡೆತಡೆದಾದರೂ ಪದಗಳನ್ನು ಓದಿದರು. ಮೊಬೈಲ್ ಮಾತ್ರ ದೊರೆತಿದ್ದವರು ಚಿತ್ರ ನೋಡಿ ಪಾಠವನ್ನು ಪಟಪಟನೆ ಒಪ್ಪಿಸಿದರು. ಚಿತ್ರದ ಮೇಲೆ ಕೈಯಿಟ್ಟು ಮರೆಮಾಡಿದೊಡನೆ ಮೌನವಾದರು. ಆ ವರ್ಷವೇ ಕರ್ನಾಟಕದ ಹಳ್ಳಿಗಳಲ್ಲಿ ನಡೆದ ‘ಅಸರ್’ ಸಮೀಕ್ಷೆಯಲ್ಲಿ, ಎರಡನೆಯ ತರಗತಿಯ ಪಾಠವನ್ನು ಓದಬಲ್ಲ ಮೂರನೆಯ ತರಗತಿಯ ಮಕ್ಕಳು 100ಕ್ಕೆ ಸುಮಾರು 10 ಮಂದಿಯೆಂದು ಕಂಡುಬಂದಿತು. 2018ರಲ್ಲಿ ಸುಮಾರು 19 ಮಂದಿ ಇದ್ದರು. 2022–23ರ ‘ಕಲಿಕಾ ಚೇತರಿಕೆ’ಯ ವರ್ಷವೆಲ್ಲಾ ನಮ್ಮಲ್ಲಿ ಅಕ್ಷರಮಾಲೆಗೇ ಹೋಯಿತು. ಇಬ್ಬರು ಹುಡುಗಿಯರು ಹಿಂದಿರುಗಲೇ ಇಲ್ಲ. ಅವರ ಕುಟುಂಬಗಳು ಊರು ಬಿಟ್ಟಿದ್ದವು. ಎರಡು ಸಲ ವಿಚಾರಿಸಿದರೂ ಹೊಸ ವಿಳಾಸ ದೊರೆಯಲಿಲ್ಲ.

ರಾತ್ರಿ ಎಂಟರ ಕಥೆಯನ್ನು ನಾವು ಈಗಲೂ ಬಿಟ್ಟಿಲ್ಲ. ವಾರಕ್ಕೆರಡು ದಿನ ಕಳುಹಿಸುತ್ತೇವೆ. ಮಕ್ಕಳು ಓದಿ ಕಳುಹಿಸುವುದನ್ನು ಊಟವಾದ ಮೇಲೆ ನಾನೂ ಕೇಳುತ್ತೇನೆ. ಕಳೆದ ವಾರ ಒಂದು ಮಗುವಿನ ಓದಿನ ಹಿಂದೆ ಜಿಟಿಜಿಟಿ ಮಳೆಯ ಸದ್ದು ಕೇಳಿಸಿತು. ಹೊರಗೆ ನೋಡಿದರೆ ಆಕಾಶದಲ್ಲಿ ಮೋಡವೇ ಇರಲಿಲ್ಲ. ಹುಳುಗಳು ಸೊಪ್ಪು ತಿನ್ನುತ್ತಿದ್ದವು. ಮಗುವು ತಟ್ಟೆಗಳ ನಡುವೆ ಕುಳಿತು ಓದುತ್ತಿತ್ತು, ಒಂದು ಒತ್ತಕ್ಷರದಲ್ಲಿ ತಡೆದಾಗ ಅದರ ತಾಯಿಯ ಧ್ವನಿಯು ಸಣ್ಣಗೆ ಅದನ್ನು ತಿದ್ದಿತು.