ಬ್ಲ್ಯಾಕ್ ಫಾರೆಸ್ಟ್‌ನ ಹಣ್ಣು, ಹುಲ್ಲು ಮತ್ತು ಉಣುಗು

ಫ್ರೈಬುರ್ಗ್‌ನಲ್ಲಿ ರೈಲು ಹತ್ತಿದರೆ ಮುಕ್ಕಾಲು ಗಂಟೆಯೊಳಗೆ ಟಿಟಿಸೇ ಸರೋವರ. ಬೇಸಿಗೆ ರಜೆಯಲ್ಲಿ ಮಕ್ಕಳೊಂದಿಗೆ ಇಲ್ಲಿಗೆ ಬಂದರೆ ನಿಮಗೆ ಮಲೆನಾಡು ನೆನಪಾಗದೆ ಇರದು. ದಟ್ಟ ಕಾಡು, ತಂಪು ನೆರಳು, ದಾರಿಯ ಬದಿಯಲ್ಲೇ ಕಾಡುಹಣ್ಣು. ಜುಲೈನಲ್ಲಿ ಮಕ್ಕಳು ಮೊಣಕಾಲೂರಿ ಕೂತು ಬ್ಲೂಬೆರಿ ಕೀಳುತ್ತಾರೆ. ಉಣುಗು ಕಾದಿರುವುದೂ ಅಂಥ ಗಿಡ, ಹುಲ್ಲುಗಳಲ್ಲೇ.

ಉಣುಗು, ಅಂದರೆ ಉಣ್ಣೆಹುಳು, ಮರದಿಂದ ಉದುರುವುದಿಲ್ಲ, ಹಾರುವುದೂ ಇಲ್ಲ. ಹುಲ್ಲಿನ ಮೇಲೆ ಕೂತಿದ್ದು, ತಾಗಿದವರಿಗೆ ಅಂಟಿಕೊಳ್ಳುತ್ತದೆ. ಕಚ್ಚಿದರೆ ನೋವಾಗುವುದಿಲ್ಲ. ಹಾಗಾಗಿ ಮಗು ಅಳುವುದಿಲ್ಲ, ನಿಮಗೂ ತಿಳಿಯುವುದಿಲ್ಲ. ಅದಕ್ಕೇ ನಾವು ಹುಡುಕಿ ನೋಡಬೇಕು.

ಇಲ್ಲಿನ ಉಣುಗಿನಿಂದ ಮುಖ್ಯವಾಗಿ ಎರಡು ಕಾಯಿಲೆ ಬರಬಹುದು. ಒಂದು ಎಫ್‌ಎಸ್‌ಎಂಇ ಎಂಬ ಮೆದುಳಿನ ಉರಿಯೂತ. ಇದರ ವೈರಸ್ ಕಚ್ಚಿದ ಕೂಡಲೇ ದಾಟಬಲ್ಲದು, ಆದರೆ ಲಸಿಕೆ ಇದೆ. ಮೂರು ಡೋಸ್ ಬೇಕಾದ್ದರಿಂದ ಬೇಸಿಗೆಗೆ ಮೊದಲೇ ಮಕ್ಕಳ ವೈದ್ಯರನ್ನು ಕೇಳಿ. ಇನ್ನೊಂದು ಲೈಮ್ ಕಾಯಿಲೆ. ಇದರ ಬ್ಯಾಕ್ಟೀರಿಯಾ ದಾಟಲು ಸಾಮಾನ್ಯವಾಗಿ ಹಲವು ಗಂಟೆ ಬೇಕು. ಅಂದೇ ಸಂಜೆ ಉಣುಗನ್ನು ಕಿತ್ತರೆ ಅಪಾಯ ಬಹಳ ಕಡಿಮೆ.

ಊರಿನ ಅಜ್ಜಿ ತಾತಂದಿರಿಗೆ ಇದು ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವುದೂ ಉಣುಗೇ. ಅದರ ವೈರಸ್ಸೂ ಎಫ್‌ಎಸ್‌ಎಂಇ ವೈರಸ್ಸೂ ಒಂದೇ ಕುಲದವು. ಮಲೆನಾಡಿನಲ್ಲಿ ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಡೆಪಾ ಎಣ್ಣೆ ಹಚ್ಚುತ್ತಾರೆ, ಬಂದಮೇಲೆ ಬಿಸಿನೀರಲ್ಲಿ ಸ್ನಾನ ಮಾಡುತ್ತಾರೆ.

ಇಲ್ಲೂ ಅದೇ ಕ್ರಮ. ಮಕ್ಕಳಿಗೆ ತಿಳಿಬಣ್ಣದ ಉದ್ದ ಪ್ಯಾಂಟ್ ಹಾಕಿ, ಅದರ ಅಂಚನ್ನು ಕಾಲುಚೀಲದೊಳಗೆ ಸೇರಿಸಿ. ವಯಸ್ಸಿಗೆ ತಕ್ಕ ಕೀಟನಿವಾರಕ ಹಚ್ಚಿ. ಕಾಲುದಾರಿಯ ನಡುವೆಯೇ ನಡೆಯಿರಿ.

ರೂಮಿಗೆ ಬಂದಕೂಡಲೇ ಸ್ನಾನ, ಆಮೇಲೆ ತಪಾಸಣೆ. ಅದನ್ನು ಕನ್ನಡದಲ್ಲೇ ಮಾಡಿ. ಕಿವಿಯ ಹಿಂದೆ, ಕೂದಲಂಚು, ಕಂಕುಳು, ಹೊಕ್ಕುಳು, ತೊಡೆಸಂದು, ಮಂಡಿಯ ಹಿಂಬದಿ: ನೀವು ಹೆಸರು ಹೇಳಿ, ಅವರು ತೋರಿಸಲಿ. ಕಿಂಡರ್‌ಗಾರ್ಟನ್‌ನಲ್ಲಿ "ತ್ಸೆಕೆ" ಕಲಿತ ಮಗುವಿಗೆ "ಉಣುಗು" ಕೂಡ ಗೊತ್ತಿರಲಿ. ರಜೆಗೆ ಊರಿಗೆ ಹೋದಾಗ ಮೈಮೇಲೆ ಏನಾದರೂ ಕಂಡರೆ ಅಜ್ಜಿಗೆ ಹೇಳಲು ಮಾತು ಬೇಕಲ್ಲ!

ಉಣುಗು ಸಿಕ್ಕರೆ ಎಣ್ಣೆ, ಅಂಟು ಹಚ್ಚಬೇಡಿ. ಸಣ್ಣ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು, ನಿಧಾನವಾಗಿ ನೇರಕ್ಕೆ ಎಳೆಯಿರಿ. ಜಾಗ ತೊಳೆದು, ತಾರೀಖು ಬರೆದಿಡಿ. ಮುಂದಿನ ವಾರಗಳಲ್ಲಿ ಅಲ್ಲಿ ಕೆಂಪು ವೃತ್ತ ಹರಡಿದರೆ ಅಥವಾ ಜ್ವರ ಬಂದರೆ ವೈದ್ಯರಿಗೆ ತೋರಿಸಿ.

ಇಷ್ಟು ಮಾಡಿ, ಮರುದಿನ ಮತ್ತೆ ಹಣ್ಣು ಕೀಳಲು ಬಿಡಿ.